ಕ್ಯಾಚರನ ಅಂಗೈ

ಬ್ರೆಂಡಲ್, ಮಿನೆಸೋಟ
ಸೋಮವಾರ, ಮೇ 16, 1983

ಲಾಯ್ಡ್,

ಕಾಗದ ಯಾರದ್ದು ಅಂತ ಲಕೋಟೆ ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ನನ್ನದೇ. ಯಾರೂ ಸತ್ತಿಲ್ಲ. ನಿನ್ನ ಅಕ್ಕ ಹಿಲ್ಡಾ ಗಟ್ಟಿಮುಟ್ಟಾಗಿದ್ದಾಳೆ, ಈಗಲೂ ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾಳೆ. ನೀನು ಅವಳಿಗೆ ಕಳಿಸುವ ಕ್ರಿಸ್ಮಸ್ ಕಾರ್ಡಿನಿಂದ ವಿಳಾಸ ತೆಗೆದುಕೊಂಡೆ. ಮೂವತ್ತೊಂದು ಕಾರ್ಡು ಬಂದಿವೆ. ಒಂದರಲ್ಲೂ ನನ್ನ ಹೆಸರಿಲ್ಲ. ಇರಲಿ.

ವಿಷಯಕ್ಕೆ ಬರುತ್ತೇನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಬೆಣ್ಣೆ ಡೈರಿಗೆ ಸೇರಿದವನು ನಾನು, ಸುತ್ತಿಬಳಸಿ ಬರೆಯೋಕೆ ಬರಲ್ಲ. ಡೈರಿ ಕೆಲಸದಿಂದ ಮಾರ್ಚಿನಲ್ಲಿ ನಿವೃತ್ತಿ ಆಯಿತು. ಮನೆಯಲ್ಲಿ ಕೂತು ಹಿಲ್ಡಾಳ ತಲೆ ತಿನ್ನಬಾರದು ಅಂತ ಊರವರೆಲ್ಲ ಸೇರಿ ನನ್ನನ್ನು ಬೇಸ್‌ಬಾಲ್ ತಂಡದ ಮ್ಯಾನೇಜರ್ ಮಾಡಿದ್ದಾರೆ. ತಂಡದ ಹೆಸರು ಇನ್ನೂ ‘ಬೆಣ್ಣೆಯವರು’ ಅಂತಲೇ. ಎದೆ ಮೇಲೆ ಅದೇ ಹಳದಿ ಅಕ್ಷರ. ಬೇರೆ ಊರಿಗೆ ಆಡೋಕೆ ಹೋದರೆ ‘ಬಿಸಿಲು ಬಂತು, ಕರಗ್ರೋ’ ಅಂತ ಕೂಗೋದೂ ಅದೇ.

ಮೂರು ಆಟ ಆಗಿವೆ, ಮೂರೂ ಗೆದ್ದೆವು. ಕ್ಷೌರದಂಗಡಿಯಲ್ಲಿ ಆಗಲೇ ಆಗಸ್ಟ್ ತಿಂಗಳ ರಾಜ್ಯ ಪಂದ್ಯಾವಳಿಯ ಮಾತು ಶುರುವಾಗಿದೆ. ಅರ್ಧ ಗಡ್ಡ ಕೆರೆಸಿಕೊಂಡವನೂ ಎದ್ದು ನಿಂತು ಭಾಷಣ ಮಾಡುತ್ತಾನೆ. ನನಗೆ ಮಾತ್ರ ನೆಮ್ಮದಿ ಇಲ್ಲ. ಕಾರಣ ಪಿಚಿಂಗ್. ಚೆಂಡು ಎಸೆಯುವವನು ಅಂತ ನಮಗಿರೋದು ಒಬ್ಬನೇ. ಡ್ವೇನ್ ಅಂತ, ಇಪ್ಪತ್ತನಾಲ್ಕು ವರ್ಷ, ಕೊಟ್ಟಿಗೆಗಳಿಗೆ ಚಾವಣಿ ಹಾಕುವ ಬಡಗಿ. ದಿಬ್ಬದ ಮೇಲೆ ನಿಂತು ಎಸೆದನೆಂದರೆ ಬ್ಯಾಟ್ ಹಿಡಿದವನು ಹಿಂದಕ್ಕೆ ಸರಿಯುತ್ತಾನೆ. ಎರಡನೆಯವನು ಆರ್ವಿಲ್, ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವನು. ಅವನ ಕೈ ಬಿಟ್ಟ ಚೆಂಡು ಬ್ಯಾಟ್ ಹಿಡಿದವನ ಕಾಲ ಬಳಿ ನೆಲಕ್ಕೆ ಹೂತ ತಟ್ಟೆ ತಲುಪುವಷ್ಟರಲ್ಲಿ ನಾನೊಂದು ಲೋಟ ಕಾಫಿ ಮುಗಿಸಬಹುದು. ಮೂರನೆಯವನು ಇಲ್ಲ.

ಅದಕ್ಕೇ ಈ ಕಾಗದ. ನಿನ್ನ ಆ ಬೀಳುವ ಚೆಂಡು, ತಟ್ಟೆ ಮುಂದೆ ಬಂದು ಮೆಟ್ಟಿಲು ತಪ್ಪಿದವನ ಹಾಗೆ ದಬಕ್ಕನೆ ಕೆಳಗಿಳಿಯುತ್ತಿತ್ತಲ್ಲ, ಅದನ್ನು ಬೆರಳಲ್ಲಿ ಹೇಗೆ ಹಿಡಿಯುತ್ತಿದ್ದೆ? ಏಳು ಬೇಸಿಗೆ ನೀನು ಎಸೆದೆ, ತಟ್ಟೆ ಹಿಂದೆ ಕುಕ್ಕರುಗಾಲಲ್ಲಿ ಕೂತು ನಾನು ಹಿಡಿದೆ. ಬರುವುದನ್ನು ನೋಡಿದ್ದೇನೆಯೇ ಹೊರತು ಹೊರಡುವುದನ್ನು ನೋಡಿಲ್ಲ. ಬರೆದು ಕಳಿಸು. ಆರ್ವಿಲ್‌ಗೆ ಕಲಿಸುತ್ತೇನೆ.

ಹಿಲ್ಡಾ ಬೈಯುತ್ತಿದ್ದಾಳೆ. ‘ಮೂವತ್ತೊಂದು ವರ್ಷ ಆದ್ಮೇಲೆ ನನ್ನ ತಮ್ಮನಿಗೆ ಬರೆಯೋಕೆ ನಿಂಗೆ ಸಿಕ್ಕಿದ್ದು ಇದಾ? ಹೇಗಿದೀಯ ಅಂತಾನಾದ್ರೂ ಕೇಳು, ಮುದಿಗೂಬೆ!’

ಹೇಗಿದ್ದೀಯ?

ನಿನ್ನ ಭಾವ,
ಎಮಿಲ್


ಸೆಲ್ವಿನ್, ವಾಷಿಂಗ್ಟನ್ ರಾಜ್ಯ
ಮೇ 27, 1983

ಎಮಿಲ್ ಅವರಿಗೆ,

ಕಾಗದ ತಲುಪಿತು. ಚೆನ್ನಾಗಿದ್ದೇನೆ. ಸೇಬು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ. ಬೆಲ್ಟಿನ ಮೇಲೆ ಹರಿದು ಬರುವ ಹಣ್ಣಿನಲ್ಲಿ ಪೆಟ್ಟು ತಿಂದದ್ದನ್ನು ಆರಿಸಿ ತೆಗೆಯುವುದು. ಕೈ ಎದೆಗಿಂತ ಮೇಲೆ ಎತ್ತಬೇಕಾಗಿಲ್ಲ. ಅದಕ್ಕೇ ಈ ಕೆಲಸ ಒಗ್ಗಿದೆ.

ಆ ಚೆಂಡನ್ನು ಹೇಗೆ ಹಿಡಿಯುತ್ತಿದ್ದೆ ಅಂತ ನೆನಪಿಲ್ಲ.

ಒಂದು ಮಾತು. ಇರುವವನು ಒಬ್ಬನೇ ಅಂತ ಅವನ ಕೈಯಲ್ಲಿ ವಾರಕ್ಕೆ ಎರಡು ಆಟ ಎಸೆಸಬೇಡಿ. ಹಿಲ್ಡಾಗೆ ನಾನು ಕೇಳಿದೆ ಅಂತ ಹೇಳಿ.

ಎಲ್. ಸೋಲ್ಬರ್ಗ್


ಬ್ರೆಂಡಲ್
ಸೋಮವಾರ, ಜೂನ್ 6, 1983

ಲಾಯ್ಡ್,

‘ಎಲ್. ಸೋಲ್ಬರ್ಗ್’ ಅಂತೆ! ನಮ್ಮ ಬ್ಯಾಂಕ್ ಮ್ಯಾನೇಜರನೂ ಇಷ್ಟು ಬಿಗಿಯಾಗಿ ಸಹಿ ಹಾಕಲ್ಲ. ನೆನಪಿಲ್ಲವಂತೆ! ಒಂದು ಚಳಿಗಾಲ ಪೂರ್ತಿ ನಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಹಿಡಿದು ಬೆರಳು ತಿರುಗಿಸುತ್ತಾ ಕೂತಿದ್ದವನು ನೀನು. ‘ಆಲೂಗಡ್ಡೆ ಸುಲಿಯೋಕೆ ಕೊಟ್ಟಿದ್ದು ಕಣೋ, ಆಟ ಆಡೋಕಲ್ಲ’ ಅಂತ ಹಿಲ್ಡಾ ಸೌಟು ತೋರಿಸಿದ್ದು ನನಗೇ ನೆನಪಿದೆ, ನಿನಗಿಲ್ಲವಾ? ಸುಳ್ಳು ಹೇಳುವುದಾದರೆ ನನಗಿಂತ ದಡ್ಡನಿಗೆ ಹೇಳು.

ಆರಕ್ಕೆ ಆರು ಗೆದ್ದಿದ್ದೇವೆ. ವಾರಕ್ಕೆ ಎರಡು ಆಟ ಎಸೆಸಬೇಡ ಅಂದೆ. ಹೋದ ವಾರ ಬುಧವಾರವೂ ಡ್ವೇನ್, ಭಾನುವಾರವೂ ಡ್ವೇನ್. ಇನ್ನು ಯಾರನ್ನು ನಿಲ್ಲಿಸಲಿ, ಚರ್ಚಿನ ಪಾದ್ರಿಯನ್ನಾ? ಬುಧವಾರ ಆರ್ವಿಲ್‌ನನ್ನು ಎರಡು ಇನ್ನಿಂಗ್ಸಿಗೆ ನಿಲ್ಲಿಸಿದೆ. ಐದು ರನ್ ಕೊಟ್ಟು ಬಂದು ಬೆಂಚಿನ ಮೇಲೆ ಕೂತು, ‘ಗಾಳಿ ಪಶ್ಚಿಮದಿಂದ ಬೀಸ್ತಿತ್ತು ಸಾರ್’ ಅಂದ. ಭೂಗೋಳದ ಮೇಷ್ಟ್ರಲ್ಲವಾ! ತಲೆ ಕೆಟ್ಟುಹೋಯಿತು.

ನಿನ್ನೆ ಮೈದಾನ ನೋಡಿದ್ದರೆ ನೀನೂ ಕರಗುತ್ತಿದ್ದೆ. ಬೆಳಗ್ಗೆ ಮಳೆ ಹೊಡೆದು ನೆಲ ಕೆಸರಾಗಿತ್ತು. ನಮ್ಮ ಕಾಲದಲ್ಲಿ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ ಒಣಗಿಸುತ್ತಿದ್ದೆವಲ್ಲ, ಒಂದು ಸಲ ನಿನ್ನ ಹುಬ್ಬು ಸುಟ್ಟುಕೊಂಡು ಹುಬ್ಬಿಲ್ಲದೆಯೇ ಒಂಬತ್ತು ಇನ್ನಿಂಗ್ಸ್ ಎಸೆದೆ. ಎದುರಿನವರು ನಿನ್ನ ಮುಖ ನೋಡಿಯೇ ಹೆದರಿ ಸೋತರು. ಈಗಿನ ಹುಡುಗರು ಮರಳು ತಂದು ಹಾಕುತ್ತಾರೆ. ಉಳಿದದ್ದೆಲ್ಲ ಹಾಗೇ ಇದೆ. ಚರ್ಚು ಮುಗಿಸಿ ಅದೇ ಬಟ್ಟೆಯಲ್ಲಿ ಬಂದು ಕೂರುವ ಹೆಂಗಸರು, ಹಿಲ್ಡಾಳ ಸಿಹಿ ಹುಳಿ ರೂಬಾರ್ಬ್ ಪೈ, ಕಾರಿನ ಬಾನೆಟ್ ಮೇಲೆ ಬೀರು ಇಟ್ಟುಕೊಂಡು ಅಂಪೈರ್‌ನ ಅಜ್ಜಿಯವರೆಗೂ ಹೋಗಿ ಬೈಯುವ ರೈತರು. ಎಡ ಮೈದಾನದ ಆಚೆ ಮೆಕ್ಕೆಜೋಳ ಗೇಣುದ್ದ ಬಂದಿದೆ.

ಈಗ ತಟ್ಟೆ ಹಿಂದೆ ಕೂರುವ ಕ್ಯಾಚರ್ ಯಾರು ಗೊತ್ತಾ? ನನ್ನ ಅಳಿಯ ಮಾರ್ಲಿನ್. ಟಪಾಲು ಹಂಚುವವನು, ಒಳ್ಳೆಯ ಹುಡುಗ, ಸ್ವಲ್ಪ ಬಾಯಿ ಜಾಸ್ತಿ. ಅವನ ಕೈಯಲ್ಲಿರುವುದು ನನ್ನ ಹಳೇ ಗ್ಲೌಸೇ. ಒಳಗೆ ಅಂಗೈ ಕೆಳಗೆ ಸ್ಪಂಜು ಇಟ್ಟುಕೊಳ್ಳೋದನ್ನೂ ನಾನೇ ಕಲಿಸಿದ್ದು. ನನ್ನದು ಹಿಲ್ಡಾಳ ಸ್ನಾನದ ಸ್ಪಂಜು, ಸೋಪಿನ ವಾಸನೆ ಹೊಡೆಯುತ್ತಿತ್ತು ಅಂತ ನೀನು ಆಡಿಕೊಂಡು ನಗುತ್ತಿದ್ದೆ. ಆ ಸ್ಪಂಜಿದ್ದೂ ನಿನ್ನ ಚೆಂಡು ಹಿಡಿದು ಹಿಡಿದು ಅಂಗೈ ಕಾದ ಹೆಂಚಿನ ಹಾಗಾಗುತ್ತಿತ್ತು. ಪ್ರತಿ ಇನ್ನಿಂಗ್ಸ್ ಮುಗಿದ ಮೇಲೆ ಡೈರಿಯ ಐಸ್ ನೀರಿನ ಬಕೆಟ್ಟಿಗೆ ಕೈ ಅದ್ದಿ ಕೂರುತ್ತಿದ್ದೆ. ಅಂಥ ಸುಖ ನನಗೆ ಮತ್ತೆ ಯಾವುದರಲ್ಲೂ ಸಿಗಲಿಲ್ಲ. ಹಿಲ್ಡಾ ಇದನ್ನು ಓದಬಾರದು.

ನಿನ್ನೆ ಡ್ವೇನ್ ಎಸೆದಾಗ ಮಾರ್ಲಿನ್‌ನ ಗ್ಲೌಸ್ ಕೋವಿ ಹಾರಿಸಿದ ಹಾಗೆ ಸದ್ದು ಮಾಡುತ್ತಿತ್ತು. ಏಳನೇ ಇನ್ನಿಂಗ್ಸ್ ಆದ ಮೇಲಂತೂ ಇನ್ನೂ ಜೋರು. ಜನ ಒಂದೊಂದು ಸದ್ದಿಗೂ ಎದ್ದು ಕೂಗಿದರು. ಆ ಸದ್ದು ಕೇಳಿ ನನಗೆ ಮಾತ್ರ

ಬಿಡು. ಇನ್ನೊಂದು ಸಲ ಬರೆಯುತ್ತೇನೆ.

ಎಮಿಲ್

ಲಾಯ್ಡ್, ಮೇಲಿನದನ್ನೆಲ್ಲ ಓದಿದೆ. ಅರ್ಧಕ್ಕೆ ನಿಲ್ಲಿಸಿ ಹಿತ್ತಲಿಗೆ ಹೋಗಿ ನಿಂತಿದಾನೆ, ಇನ್ನೂ ಒಳಗೆ ಬಂದಿಲ್ಲ. ಸೌಟು ತೋರಿಸಿದ್ದು ಮಾತ್ರ ಸುಳ್ಳು, ಲಟ್ಟಣಿಗೆ ಅದು. – ಹಿಲ್ಡಾ


ಸೆಲ್ವಿನ್
ಜೂನ್ 14, 1983

ಎಮಿಲ್,

ನಿಮ್ಮ ಅಭ್ಯಾಸ ಬದಲಾಗಿಲ್ಲ. ಯಾವ ಚೆಂಡು ಎಸೆಯಬೇಕು ಅಂತ ಎರಡು ಬೆರಳು ತೋರಿಸಿ, ನಾನು ಎಸೆಯೋಕೆ ಕೈ ಎತ್ತುವಷ್ಟರಲ್ಲಿ ಒಂದು ಬೆರಳು ಮಾಡುತ್ತಿದ್ದಿರಿ. ಆ ಸದ್ದು ಕೇಳಿ ನಿಮಗೆ ಏನಾಯಿತು?

ಹುಬ್ಬಿನ ವಿಷಯ ನನಗೆ ಮರೆತೇ ಹೋಗಿತ್ತು. ಕಾಗದ ಓದಿ ಶೆಡ್ಡಿನಲ್ಲಿ ಒಬ್ಬನೇ ನಕ್ಕೆ. ಪಕ್ಕದ ಬೆಲ್ಟಿನ ಹೆಂಗಸು ಏನಾಯಿತು ಅಂತ ಕೇಳಿದಳು. ನಾನು ಹಿಂದೊಮ್ಮೆ ಬೇಸ್‌ಬಾಲ್ ಆಡುತ್ತಿದ್ದೆ ಅಂದೆ. ಹದಿನಾರು ವರ್ಷದಿಂದ ಪಕ್ಕದಲ್ಲಿ ನಿಂತವಳು, ‘ನೀನಾ? ಬೇಸ್‌ಬಾಲಾ?’ ಅಂತ ಅವಳೂ ನಕ್ಕಳು.

ಮೈದಾನದ ಹಿಂದಿನ ಎಲ್ಮ್ ಮರಗಳು ಇವೆಯಾ? ರೋಗ ಬಂದು ಎಲ್ಲ ಕಡೆ ಸತ್ತವು ಅಂತ ಪೇಪರಿನಲ್ಲಿ ಓದಿದ್ದೆ.

ಆಟ ಮುಗಿದ ಮೇಲೆ ಆ ಡ್ವೇನ್ ಯಾವ ಕೈಯಲ್ಲಿ ತಲೆ ಬಾಚಿಕೊಳ್ಳುತ್ತಾನೆ, ನೋಡಿ.

ಲಾಯ್ಡ್ ಸೋಲ್ಬರ್ಗ್


ಬ್ರೆಂಡಲ್
ಸೋಮವಾರ, ಜೂನ್ 20, 1983

ಲಾಯ್ಡ್,

ಎಲ್ಮ್ ಮರ ಒಂದೂ ಉಳಿದಿಲ್ಲ. ಬುಡ ಮಾತ್ರ ಇವೆ, ಮುದುಕರು ಅವುಗಳ ಮೇಲೆ ಕೂತು ಆಟ ನೋಡುತ್ತೇವೆ.

ಎಂಟಕ್ಕೆ ಎಂಟು ಗೆದ್ದಿದ್ದೇವೆ. ಈ ಸಾಲನ್ನು ಬರೆಯುವಾಗ ಕೈಗೆ ಖುಷಿಯಾಗಬೇಕಿತ್ತು.

ನಿನ್ನೆ ಆಟ ಮುಗಿದು ಎಲ್ಲರೂ ಬೀರಿನ ಪೀಪಾಯಿ ಸುತ್ತ ಸೇರಿದ್ದರು. ಡ್ವೇನ್ ಟೋಪಿ ತೆಗೆದ. ಎಡಗೈಯಲ್ಲಿ ಕೂದಲು ಹಿಂದಕ್ಕೆ ತಳ್ಳಿಕೊಂಡ. ಅವನು ಬಲಗೈಯವನು. ನಾನು ಸೀದಾ ನಮ್ಮ ಬೆಂಚಿಗೆ ಹೋಗಿ ಮಾರ್ಲಿನ್‌ನ ಚೀಲ ಕೊಡವಿದೆ. ಅವನ ಶೂ ಒಳಗೆ ಸ್ಪಂಜು ಸಿಕ್ಕಿತು. ಗ್ಲೌಸ್ ಒಳಗೆ ಏನೂ ಇರಲಿಲ್ಲ.

ಅವನನ್ನು ಕರೆದೆ. ‘ಏನಿದು?’

‘ಸ್ಪಂಜು, ಮಾವ.’

‘ಸ್ಪಂಜು ಅಂತ ನಂಗೂ ಕಾಣುತ್ತೆ ಕತ್ತೆ. ಹೊರಗೆ ಯಾಕಿದೆ?’

‘ಡ್ವೇನ್ ಚೆಂಡು ಏಳನೇ ಇನ್ನಿಂಗ್ಸಿಗೆ ಮೆತ್ತಗಾಗ್ತಾ ಇತ್ತು. ಸ್ಪಂಜು ತೆಗೆದ್ರೆ ಗ್ಲೌಸ್ ಚೆನ್ನಾಗಿ ಹೊಡೆಯುತ್ತೆ. ಸದ್ದು ಕೇಳಿ ಅವನಿಗೂ ಹುರುಪು, ಎದುರಿನವರಿಗೂ ಭಯ. ನೀವೇ ಹೇಳಿದ್ರಲ್ಲ ಮಾವ, ಹೋದ ವರ್ಷ ಮೀನು ಹುರಿಯೋ ದಿನ. ಬೀರು ಕುಡಿದು ಎಲ್ಲರನ್ನೂ ನಗಿಸಿದ್ರಲ್ಲ, ಕ್ಯಾಚರನ ಹಳೇ ವಿದ್ಯೆ ಅಂತ.’

ಹೇಳಿದ್ದೆ. ತಮಾಷೆ ಅಂತ ಹೇಳಿದ್ದೆ. ಎಲ್ಲಿ ಕಲಿತೆ, ಯಾರ ಮೇಲೆ ಮಾಡಿದೆ ಅಂತ ಮಾತ್ರ ಹೇಳಿರಲಿಲ್ಲ.

ಈಗ ಕೂತ್ಕೋ ಲಾಯ್ಡ್. ನಿಂತಿದ್ದರೆ ಕೂತ್ಕೊಂಡು ಓದು.

1952ರ ರಾಜ್ಯ ಪಂದ್ಯಾವಳಿ. ಮೂರು ದಿನದಲ್ಲಿ ಮೂರು ಆಟ, ಮೂರೂ ನೀನೇ ಎಸೆದೆ. ಆಗಲೂ ನಮ್ಮಲ್ಲಿ ಇನ್ನೊಬ್ಬನಿರಲಿಲ್ಲ. ದೊಡ್ಡ ತಂಡದವರು ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಬಾ ಅಂತ ನಿನ್ನನ್ನು ಆಗಲೇ ಕರೆದಿದ್ದರು. ಕೊನೆಯ ಆಟದ ಆರನೇ ಇನ್ನಿಂಗ್ಸಿನಲ್ಲಿ ನನ್ನ ಅಂಗೈ ತಣ್ಣಗಾಯಿತು. ಚೆಂಡು ಬರುತ್ತಿತ್ತು, ಉರಿ ಬರುತ್ತಿರಲಿಲ್ಲ. ನಿನ್ನ ತೋಳಲ್ಲಿ ಏನೋ ಹರಿದಿದೆ ಅಂತ ಈ ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಿನಗಿಂತ ಮೊದಲು ನನ್ನ ಕೈಗೆ ಗೊತ್ತಾಯಿತು. ಆಗ ನಾನು ದಿಬ್ಬಕ್ಕೆ ನಡೆದು ಬಂದು ಸಾಕು ಮಾಡು ಅನ್ನಬೇಕಿತ್ತು. ನಾವು ಒಂದು ರನ್ ಮುಂದಿದ್ದೆವು. ನಾನು ಬರಲಿಲ್ಲ. ಬೆಂಚಿಗೆ ಹೋಗಿ ಗ್ಲೌಸಿನಿಂದ ಸ್ಪಂಜು ಎಳೆದು ಟವೆಲ್ ಕೆಳಗೆ ತುರುಕಿದೆ.

ಆಮೇಲೆ ಗ್ಲೌಸ್ ಹೇಗೆ ಹೊಡೆಯಿತು ನೆನಪಿದೆಯಾ? ಛಟಾರ್ ಅಂತ. ‘ಇನ್ನೂ ಜೋರಾಗಿ ಬರ್ತಿದೆ ಕಣೋ’ ಅಂತ ನಾನು ಕೂಗುತ್ತಿದ್ದೆ. ನೀನು ಆ ಸದ್ದನ್ನು ನಂಬಿ ಇನ್ನೂ ಮೂರು ಇನ್ನಿಂಗ್ಸ್ ಎಸೆದೆ. ಗೆದ್ದೆವು. ನನ್ನ ತೋರುಬೆರಳು ಆವತ್ತು ಸೊಟ್ಟಗಾದದ್ದು ಈಗಲೂ ಸೊಟ್ಟಗೇ ಇದೆ. ಆಟ ಮುಗಿದ ಮೇಲೆ ಸ್ಪಂಜು ತೆಗೆದುಕೊಂಡೆ, ಒದ್ದೆಯಾಗಿತ್ತು. ಬಕೆಟ್ಟಿನ ನೀರು ಚೆಲ್ಲಿರಬೇಕು ಅಂದುಕೊಂಡೆ. ಎಂಥ ಚಿಕ್ಕ ವಿಷಯ ತಲೆಯಲ್ಲಿ ಉಳಿಯುತ್ತೆ ನೋಡು.

ಸೆಪ್ಟೆಂಬರಿನಲ್ಲಿ ನೀನು ಪರೀಕ್ಷೆಗೆ ಹೋಗಿ ಐದು ಚೆಂಡು ಎಸೆದೆ, ಆರನೆಯದಕ್ಕೆ ಕೈ ಏಳಲಿಲ್ಲ ಅಂತ ಹಿಲ್ಡಾ ಹೇಳಿದಳು. ವಾರದ ಮೇಲೆ ನೀನು ಪಶ್ಚಿಮದ ಬಸ್ಸು ಹತ್ತಿದೆ. ಗೆದ್ದು ತಂದ ಕಪ್ಪು ಡೈರಿಯ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರ ಎದುರಿಂದ ಮೂವತ್ತು ವರ್ಷ ದಿನಾ ಓಡಾಡಿದ್ದೇನೆ.

ಜುಲೈ ನಾಲ್ಕಕ್ಕೆ ಹೋಲ್ಟನ್ ಊರಿನವರ ಮೇಲೆ ಆಟ ಇದೆ. ಅವರೂ ಒಂದೂ ಸೋತಿಲ್ಲ. ‘ನೋವಾ?’ ಅಂತ ಡ್ವೇನ್‌ನನ್ನು ಕೇಳಿದೆ. ‘ಏನಿಲ್ಲ’ ಅಂದ. ನೀನೂ ಹಾಗೇ ಅಂದಿದ್ದೆ.

ಬೇಕಾದರೆ ಈ ಕಾಗದ ಒಲೆಗೆ ಹಾಕು.

ಎಮಿಲ್


ಬ್ರೆಂಡಲ್
ಮಂಗಳವಾರ, ಜುಲೈ 5, 1983

ಲಾಯ್ಡ್,

ಹದಿನೈದು ದಿನ ಆಯಿತು, ನಿನ್ನಿಂದ ಏನೂ ಬರಲಿಲ್ಲ. ಮಾರ್ಲಿನ್ ದಿನಾ ಟಪಾಲು ತಂದಾಗ ನಾನು ಗೇಟಿನಲ್ಲಿ ನಿಂತಿರುತ್ತೇನೆ. ಅವನು ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾನೆ. ಬೈಯೋಕಾದರೂ ಒಂದು ಸಾಲು ಬರೆಯಬಹುದಿತ್ತು. ಬರೆಯದಿದ್ದರೆ ಬಿಡು. ಆದರೆ ನಿನ್ನೆ ಏನಾಯಿತು ಅಂತ ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ.

ನಡುವಿನ ಎರಡು ಆಟಕ್ಕೆ ಡ್ವೇನ್‌ನನ್ನು ಕೂರಿಸಿದ್ದೆ. ಆರ್ವಿಲ್ ಒಂದು ಗೆದ್ದ, ಒಂದು ಸೋತ. ಎರಡು ವಾರ ಸಾಕು, ತೋಳು ಸರಿಹೋಗಿರುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ. ನಾನು ಇನ್ನೂ ಅದೇ ಮನುಷ್ಯ ಲಾಯ್ಡ್, ಗೆಲ್ಲಬೇಕು ಅಂತ ಆಸೆ. ಒಂದು ಮಾತ್ರ ಮಾಡಿದೆ. ಆಟಕ್ಕೆ ಮೊದಲು ಮಾರ್ಲಿನ್‌ನ ಗ್ಲೌಸ್ ಒಳಗೆ ನನ್ನ ಕೈಯಾರೆ ಸ್ಪಂಜು ಇಟ್ಟು, ‘ಇದು ಹೊರಗೆ ಬಂದ್ರೆ ನೀನು ನಮ್ಮ ಮನೆಗೆ ಊಟಕ್ಕೆ ಬರಬೇಡ’ ಅಂದೆ.

ಇಡೀ ತಾಲ್ಲೂಕೇ ಬಂದಿತ್ತು. ಮೆರವಣಿಗೆ ಮುಗಿಸಿದ ಬ್ಯಾಂಡಿನವರು ಡ್ರಮ್ಮು ಸಮೇತ ಕೂತಿದ್ದರು. ನಾವು ಮೊದಲೇ ಮೂರು ರನ್ ಮಾಡಿದೆವು. ಡ್ವೇನ್ ಎಸೆದ. ಡಬ್. ಮತ್ತೊಂದು. ಡಬ್. ಹಾಸಿಗೆ ಬಡಿದ ಹಾಗೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಡ್ವೇನ್ ಹುಬ್ಬು ಗಂಟು ಹಾಕಿ ಇನ್ನೂ ಜೋರಾಗಿ ಎಸೆದ. ಆಗಲೂ ಡಬ್. ನಾಲ್ಕನೇ ಇನ್ನಿಂಗ್ಸಿನ ಹೊತ್ತಿಗೆ ಅವನ ಮೊಣಕೈ ಪ್ರತಿ ಚೆಂಡಿಗೂ ಒಂದಿಷ್ಟು ಕೆಳಗೆ ಇಳಿಯುತ್ತಿತ್ತು. ನಿನ್ನದು ಹಾಗೇ ಇಳಿದಿತ್ತು.

ನಾನು ಎದ್ದೆ. ಬೆಂಚಿನಿಂದ ದಿಬ್ಬಕ್ಕೆ ಎಷ್ಟು ದೂರ, ಮೂವತ್ತು ಹೆಜ್ಜೆ. ನನಗೆ ಮೂವತ್ತೊಂದು ವರ್ಷ ಬೇಕಾಯಿತು.

‘ಯಾಕೆ ಬಂದ್ರಿ? ಮೂರು ರನ್ ಮುಂದಿದ್ದೀವಿ’ ಅಂದ.

ಜೇಬಿನಿಂದ ಬಾಚಣಿಗೆ ತೆಗೆದು ಕೊಟ್ಟೆ. ‘ಟೋಪಿ ತೆಗಿ. ತಲೆ ಬಾಚ್ಕೋ.’

‘ನಿಮಗೆ ಬಿಸಿಲು ಹತ್ತಿದ್ಯಾ ಎಮಿಲ್?’

‘ಬಲಗೈಯಲ್ಲಿ ಬಾಚ್ಕೋ. ನೆತ್ತಿ ಮುಟ್ಟಿಸಿದ್ರೆ ಒಂಬತ್ತು ಇನ್ನಿಂಗ್ಸೂ ನೀನೇ ಎಸಿ. ನಾನು ಬಾಯಿ ತೆಗಿಯಲ್ಲ.’

ಅವನು ನಕ್ಕು ಬಾಚಣಿಗೆ ತೆಗೆದುಕೊಂಡ. ಕೈ ಎತ್ತಿದ. ಕಿವಿಯ ಹತ್ತಿರ ಬಂದು ನಿಂತಿತು. ಇನ್ನೊಂದು ಸಲ ಎತ್ತಿದ. ಮುಖ ಬಿಳಿಚಿಕೊಂಡಿತು. ಸಾವಿರ ಜನ ನೋಡುತ್ತಿದ್ದರು. ಅವನು ಬಾಚಣಿಗೆಯನ್ನು ಮಣ್ಣಿಗೆ ಬಿಸಾಕಿ, ‘ಇಡೀ ಊರಿನ ಎದುರಿಗೆ ನನ್ನ ಮರ್ಯಾದೆ ತೆಗೆದೆಯಲ್ಲೋ ಮುದುಕಾ’ ಅಂದು ಹೊರಟುಹೋದ. ಅದು ನಿಜ. ಮೊದಲೇ ಯಾವುದಾದರೂ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ಕೇಳಬಹುದಿತ್ತು. ನನಗೆ ಹಾಗೆಲ್ಲ ನಯವಾಗಿ ಮಾಡೋಕೆ ಬರಲ್ಲ.

ಆರ್ವಿಲ್ ಬಂದ. ಹದಿನಾಲ್ಕು ರನ್ ಹೊಡೆಸಿಕೊಂಡ. ಹೋಲ್ಟನ್‌ನವರು ‘ಕರಗಿತು, ಕರಗಿತು’ ಅಂತ ಹಾಡಿದರು, ನಮ್ಮ ಬ್ಯಾಂಡಿನವರೇ ತಡೆಯಲಾರದೆ ಡ್ರಮ್ಮು ಬಾರಿಸಿದರು. ಕ್ಷೌರದಂಗಡಿಯವನು ಈವತ್ತು ನನ್ನನ್ನು ನೋಡಿ ಪರದೆ ಎಳೆದುಕೊಂಡ. ಗಡ್ಡ ನಾನೇ ಕೆರೆದುಕೊಂಡೆ.

ಡ್ವೇನ್‌ನ ಹೆಂಡತಿ ಬೆಳಗ್ಗೆ ಬಂದಿದ್ದಳು. ಒಳಗೆ ಬರಲಿಲ್ಲ. ‘ರಾತ್ರಿಯೇ ಡಾಕ್ಟರಿಗೆ ತೋರಿಸಿದ್ವಿ. ಈ ವರ್ಷ ಚೆಂಡು ಮುಟ್ಟಬಾರದಂತೆ, ಸುತ್ತಿಗೆ ಎರಡು ತಿಂಗಳು ಬೇಡವಂತೆ. ಇನ್ನೊಂದು ಆಟ ಆಡಿದ್ರೆ ಸುತ್ತಿಗೆಯೂ ಕೈಗೆ ಬರ್ತಿರಲಿಲ್ಲವಂತೆ’ ಅಂದಳು. ಅವನು ಏನಂದ ಅಂತ ಕೇಳಿದೆ. ‘ನಿಮ್ಮ ಹೆಸರು ಎತ್ತಿದ್ರೆ ಎದ್ದು ಹೋಗ್ತಾನೆ’ ಅಂದಳು. ಹೋಗಲಿ. ತೋಳು ಇದೆಯಲ್ಲ.

ಇಷ್ಟೇ. ಉತ್ತರ ಬೇಕಿಲ್ಲ.

ಎಮಿಲ್


ಸೆಲ್ವಿನ್
ಜುಲೈ 12, 1983

ಭಾವ,

ಸ್ಪಂಜು ನಾನು ನೋಡಿದ್ದೆ.

ಏಳನೇ ಇನ್ನಿಂಗ್ಸ್ ಆದ ಮೇಲೆ ಮುಖ ತೊಳೆಯೋಣ ಅಂತ ಬಕೆಟ್ಟಿನ ಹತ್ತಿರ ಬಂದೆ. ಟವೆಲ್ ಎತ್ತಿದರೆ ಕೆಳಗೆ ಅದು ಕೂತಿತ್ತು, ಒಣಗಿಕೊಂಡು, ಅಕ್ಕನ ಸೋಪಿನ ವಾಸನೆ ಹೊಡೆಯುತ್ತಾ. ನನಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಆ ಛಟಾರ್ ನನ್ನ ತೋಳಿನದ್ದಲ್ಲ, ನಿನ್ನ ಬರಿಗೈಯದ್ದು. ಅದನ್ನೇ ನೀರಿಗೆ ಅದ್ದಿ ಮುಖ ಒರೆಸಿಕೊಂಡೆ. ಮತ್ತೆ ಅಲ್ಲೇ ಇಟ್ಟು ಟವೆಲ್ ಮುಚ್ಚಿ ದಿಬ್ಬಕ್ಕೆ ಹೋದೆ.

ಯಾಕೆ ಹೋದೆ ಅಂತ ಕೇಳಬೇಡ. ನನಗಾಗ ಇಪ್ಪತ್ತೈದು ವರ್ಷ, ಸುತ್ತ ಐದು ಸಾವಿರ ಜನ. ಇನ್ನೆರಡು ಇನ್ನಿಂಗ್ಸ್ ಆ ಸದ್ದು ಕೇಳಬೇಕು ಅನ್ನಿಸಿತು. ಅದು ಸುಳ್ಳು ಅಂತ ಗೊತ್ತಿದ್ದೂ ಅಷ್ಟು ಚೆನ್ನಾಗಿತ್ತು. ತೋಳು ನನ್ನದು ಭಾವ, ಎಸೆದವನೂ ನಾನೇ. ನೀನು ಅದನ್ನು ಪೂರ್ತಿ ನಿನ್ನ ತಲೆ ಮೇಲೆ ಹೊತ್ತುಕೊಂಡು ಓಡಾಡಿದ್ದೀಯ ಅಂತ ನನಗೆ ಗೊತ್ತಿರಲಿಲ್ಲ. ಸ್ಪಂಜು ಒದ್ದೆಯಾಗಿದ್ದು ನೋಡಿ ನಿನಗೆ ಎಲ್ಲ ತಿಳಿದಿರುತ್ತೆ, ನನಗೂ ಗೊತ್ತಾಗಿದೆ ಅಂತ ತಿಳಿದೇ ಸುಮ್ಮನಿದ್ದೀಯ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಬಕೆಟ್ಟಿನ ನೀರು ಚೆಲ್ಲಿತು ಅಂದುಕೊಂಡೆಯಾ! ಎಂಥ ಎಮ್ಮೆಯೋ ನೀನು.

ನನಗೆ ಸಿಟ್ಟು ಬಂದದ್ದು ಆಟದ ದಿನ ಅಲ್ಲ. ಬಸ್ಸು ಹತ್ತುವ ದಿನ. ನನ್ನ ಪೆಟ್ಟಿಗೆ ನೀನೇ ಹೊತ್ತು ತಂದೆ. ಬಸ್ಸು ಬರುವವರೆಗೆ ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂತಿದ್ದೆ. ಆ ಮುಕ್ಕಾಲು ಗಂಟೆ ಪೂರ್ತಿ ಓಟ್ಸ್ ಬೆಳೆಯ ವಿಷಯ ಮಾತಾಡಿದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ನಾನು ನಿನ್ನ ಬಾಯಿ ನೋಡುತ್ತಿದ್ದೆ. ಬಸ್ಸು ಬಂತು. ‘ಈ ಸಲ ಮಳೆ ತಡ’ ಅಂದೆ ನೀನು. ನನ್ನ ಬಾಯಿಗೂ ಬೀಗ ಇರಲಿಲ್ಲ, ನಾನೂ ಕೇಳಬಹುದಿತ್ತು. ಬಸ್ಸಿನ ಕಿಟಕಿ ಮುಚ್ಚಿಕೊಂಡೆ.

ಜೂನ್ ತಿಂಗಳ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಹರಿದು ಹಾಕಿದೆ. ಬಾಚಣಿಗೆಯ ಕಾಗದ ಓದಿದ ಮೇಲೆ ಇದು ಒಂದೇ ಸಲಕ್ಕೆ ಬಂತು. ಮೂವತ್ತು ಹೆಜ್ಜೆ ಅಂದೆಯಲ್ಲ, ಮೂವತ್ತೆರಡು. ನಾನು ಆವತ್ತು ದಿಬ್ಬದ ಮೇಲೆ ನಿಂತು ಎಣಿಸಿದ್ದೆ.

ಇನ್ನು ನಿನ್ನ ಮೊದಲ ಪ್ರಶ್ನೆ. ತೋರುಬೆರಳು ಮತ್ತು ನಡುಬೆರಳು ಹೊಲಿಗೆಯ ಮೇಲೆ ಅಲ್ಲ, ಹೊಲಿಗೆಯ ಒಳಬದಿಗೆ. ಹೆಬ್ಬೆರಳು ಕೆಳಗೆ ಸಡಿಲ. ಬಿಡುವಾಗ ಬಾಗಿಲ ಹಿಡಿ ತಿರುಗಿಸಿದ ಹಾಗೆ. ಕಾಗದದಲ್ಲಿ ಯಾರಿಗೂ ಇದು ಬರಲ್ಲ, ಆ ಭೂಗೋಳದ ಮೇಷ್ಟರಿಗಂತೂ ಬರಲ್ಲ. ಎಡಗೈಯಲ್ಲಿ ತೋರಿಸಬಲ್ಲೆ. ಸೇಬು ಕೊಯ್ಲು ಶುರುವಾಗುವುದು ಆಗಸ್ಟ್ ಮಧ್ಯಕ್ಕೆ. ಅಲ್ಲಿಯವರೆಗೆ ಶೆಡ್ಡಿನಲ್ಲಿ ರಜೆ ಕೇಳಿದ್ದೇನೆ. ಶನಿವಾರ, ಮೂವತ್ತನೇ ತಾರೀಕು, ಮಧ್ಯಾಹ್ನದ ಬಸ್ಸು. ಅಕ್ಕನಿಗೆ ಹೇಳು. ಲಟ್ಟಣಿಗೆ ಬಚ್ಚಿಡು.

ಲಾಯ್ಡ್


ಬ್ರೆಂಡಲ್
ಮಂಗಳವಾರ, ಜುಲೈ 19, 1983

ಲಾಯ್ಡ್,

ಮಾರ್ಲಿನ್ ಗೇಟಿನಿಂದಲೇ ನಿನ್ನ ಲಕೋಟೆ ಎತ್ತಿ ಬೀಸುತ್ತಾ ಓಡಿ ಬಂದ. ಊರಿನ ಬೇರೆ ಟಪಾಲೆಲ್ಲ ನಮ್ಮ ಹೂವಿನ ಪಾತಿಯಲ್ಲಿ ಚೆಲ್ಲಿತು. ಹಿಲ್ಡಾ ಓದಿದಳು, ಓದಿ ಒಳಗೆ ಹೋದಳು. ಆಲೂಗಡ್ಡೆ ಸುಲಿಯುವ ಸದ್ದು ಒಂದು ಗಂಟೆ ಕೇಳಿಸಿತು. ಆವತ್ತು ನಮ್ಮ ಮನೆಯಲ್ಲಿ ಹನ್ನೆರಡು ಜನಕ್ಕಾಗುವಷ್ಟು ಆಲೂಗಡ್ಡೆ ಬೇಯಿತು.

ನಾನೂ ಒಂದು ಸಲ ಓದಿದೆ. ಎಮ್ಮೆ ಅಂದದ್ದಕ್ಕೆ ಬೈಯಬೇಕು ಅಂತ ಪೆನ್ನು ಹಿಡಿದೆ, ಅಕ್ಷರ ಮಸುಕಾಯಿತು. ಮುದುಕರಿಗೆ ಕಣ್ಣಲ್ಲಿ ನೀರು ಬರೋದು ರೋಗವಂತೆ, ಡಾಕ್ಟರು ಹೇಳಿದ್ದಾರೆ.

ಮೊನ್ನೆ ಭಾನುವಾರ ಮತ್ತೆ ಸೋತೆವು. ಹೀಗೇ ಹೋದರೆ ಪಂದ್ಯಾವಳಿಗೆ ಹೋಗೋದು ಬೆಣ್ಣೆಯವರಲ್ಲ, ಬೆಣ್ಣೆಯ ಜಿಡ್ಡು. ಆದರೆ ಆಟ ಮುಗಿದ ಮೇಲೆ ಡ್ವೇನ್ ಬಂದು ಬೇಲಿಯ ಆಚೆ ನಿಂತಿದ್ದ. ನನ್ನ ಜೊತೆ ಮಾತಾಡಲಿಲ್ಲ. ಆರ್ವಿಲ್‌ನನ್ನು ಕರೆದು, ‘ಕಾಲು ಇನ್ನೂ ಮುಂದಕ್ಕೆ ಹಾಕಿ ಮೇಷ್ಟ್ರೇ’ ಅಂದ. ಅಷ್ಟು ಸಾಕು.

ನೀನು ಬಂದ ದಿನ ಬಸ್ಸಿನಿಂದ ಸೀದಾ ಮೈದಾನಕ್ಕೆ. ಊಟ ಆಮೇಲೆ, ಹಿಲ್ಡಾಗೆ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ. ದಿಬ್ಬದವರೆಗೆ ಹೋಗೋದು ಬೇಡ, ಅರ್ಧ ದೂರದಿಂದ ಎಡಗೈಯಲ್ಲಿ ಎಸಿ. ನನ್ನ ಮೊಣಕಾಲು ಕುಕ್ಕರುಗಾಲಿಗೆ ಬಗ್ಗಲ್ಲ, ಹಾಲು ಕರೆಯುವ ಸ್ಟೂಲು ಇಟ್ಟುಕೊಂಡಿದ್ದೇನೆ. ಗ್ಲೌಸನ್ನು ಮಾರ್ಲಿನ್‌ನಿಂದ ಕೇಳಿ ತಂದಿದ್ದೇನೆ, ಎಣ್ಣೆ ಹಚ್ಚಿ ಕಿಟಕಿ ಹತ್ತಿರ ಇಟ್ಟಿದ್ದೇನೆ. ಸ್ಪಂಜು ಹೊಸದು, ಹಿಲ್ಡಾಳ ಸ್ನಾನದ್ದೇ, ಸೋಪಿನ ವಾಸನೆ ಹಾಗೇ ಇದೆ. ಒಳಗಿಟ್ಟು ಹೊಲಿದುಬಿಟ್ಟಿದ್ದೇನೆ.

ಸದ್ದು ಬರಲ್ಲ. ಬಾ.

ನಿನ್ನ ಭಾವ,
ಎಮಿಲ್